ಎರಡನೇ ರೂಟರ್ ವಿಳಾಸ ಹಂಚಬಾರದು

ಪ್ರಶ್ನೆ: ನಮ್ಮ ರೂಟರ್ ಕೆಳಗಿನ ಹಜಾರದಲ್ಲಿದೆ. ಮಗಳು ಓದಿಕೊಳ್ಳುವುದು ಮಹಡಿಯ ಹಿಂದಿನ ಕೋಣೆಯಲ್ಲಿ. ಅಲ್ಲಿ ಸಿಗ್ನಲ್ ಒಂದು ಗೆರೆ ಬಂದರೆ ಹೆಚ್ಚು, ಪಾಠದ ನಡುವೆ ಎದ್ದು ಬಂದು ಮೆಟ್ಟಿಲ ಮೇಲೆ ಕೂರುತ್ತಾಳೆ. ಕಪಾಟಿನಲ್ಲಿದ್ದ ಹಳೆಯ ರೂಟರನ್ನು ಮೇಲೆ ಇಟ್ಟು, ಎರಡರ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕಿನ) ಪೋರ್ಟ್‌ಗಳಿಗೂ ಒಂದೇ ಕೇಬಲ್ ಎಳೆದೆ. ಒಂದು ದಿನ ಚೆನ್ನಾಗಿತ್ತು. ಮರುದಿನದಿಂದ ಇಡೀ ಮನೆಯ ಇಂಟರ್ನೆಟ್ ಬಂದು ಹೋಗಿ ಮಾಡುತ್ತಿದೆ. ಫೋನಿನ ಐಪಿ ವಿಳಾಸ ಒಮ್ಮೆ 192.168.1 ಎಂದು, ಒಮ್ಮೆ 192.168.0 ಎಂದು ಶುರುವಾಗುತ್ತದೆ. ಹಳೆಯ ರೂಟರ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಎಸೆಯಬೇಡಿ. ಆ ಎರಡು ಅಂಕಿಗಳನ್ನು ಗಮನಿಸಿ ಬರೆದಿರಿ, ಒಳ್ಳೆಯದಾಯಿತು. ತೊಂದರೆ ಏನೆಂದು ಅವೇ ಹೇಳುತ್ತವೆ.

ಮನೆಯ ನೆಟ್‌ವರ್ಕಿಗೆ ಸೇರುವ ಪ್ರತಿ ಫೋನಿಗೂ ಒಂದು ವಿಳಾಸ ಬೇಕು. ಅದನ್ನು ಹಂಚುವುದು ರೂಟರ್ ಒಳಗಿನ ಡಿಎಚ್‌ಸಿಪಿ ಎಂಬ ವ್ಯವಸ್ಥೆ. ವಿಳಾಸ ಕೊಡುವಾಗಲೇ ಹೊರಗೆ ಹೋಗುವ ಬಾಗಿಲು ಯಾವುದು ಎಂದೂ ಅದು ತಿಳಿಸುತ್ತದೆ. ನಿಮ್ಮ ಮನೆಯಲ್ಲಿ ಈಗ ಎರಡು ರೂಟರ್‌ಗಳೂ ವಿಳಾಸ ಹಂಚುತ್ತಿವೆ. ಫೋನು ಕೇಳಿದಾಗ ಯಾವುದು ಮೊದಲು ಉತ್ತರಿಸಿತೋ ಅದರ ಮಾತನ್ನೇ ನಂಬುತ್ತದೆ. ಹಳೆಯ ರೂಟರ್ ಮೊದಲು ಉತ್ತರಿಸಿದರೆ ಅದು ತನ್ನನ್ನೇ ಬಾಗಿಲೆಂದು ತೋರಿಸುತ್ತದೆ. ಅದಕ್ಕೋ ಹೊರಗಿನ ಸಂಪರ್ಕವೇ ಇಲ್ಲ. ಮೊದಲ ದಿನ ಏಕೆ ಸರಿಯಿತ್ತು ಎಂದರೆ, ವಿಳಾಸವನ್ನು ಇಂತಿಷ್ಟು ಹೊತ್ತಿಗೆಂದು ಕೊಟ್ಟಿರುತ್ತಾರೆ, ಅನೇಕ ರೂಟರ್‌ಗಳಲ್ಲಿ 24 ಗಂಟೆಗೆ. ಅಲ್ಲಿಯವರೆಗೆ ಹಳೆಯ ವಿಳಾಸವೇ ನಡೆಯಿತು. ಆಮೇಲೆ ಒಂದೊಂದೇ ಫೋನು ಹೊಸದಾಗಿ ಕೇಳತೊಡಗಿತು.

ಆದ್ದರಿಂದ ಮೇಲಿನ ಪೆಟ್ಟಿಗೆಯಿಂದ ವಿಳಾಸ ಹಂಚುವ ಕೆಲಸವನ್ನು ತೆಗೆದುಬಿಡಬೇಕು. ಅದಕ್ಕೆ ಬರೀ ಸಿಗ್ನಲ್ ಬೀರುವ ಕೆಲಸ ಸಾಕು. ಇದನ್ನೇ ಆಕ್ಸೆಸ್ ಪಾಯಿಂಟ್ ಅನ್ನುವುದು.

ಮಾಡುವ ಕ್ರಮ ಮುಖ್ಯ, ಅವಸರ ಬೇಡ. ಎರಡರ ನಡುವಿನ ಕೇಬಲ್ ಕಿತ್ತು, ಹಳೆಯ ರೂಟರಿಗೆ ಲ್ಯಾಪ್‌ಟಾಪನ್ನು ನೇರ ಕೇಬಲ್ಲಿನಲ್ಲಿ ಜೋಡಿಸಿ. ಪಾಸ್‌ವರ್ಡ್ ಮರೆತಿದ್ದರೆ ಹಿಂಬದಿಯ ಸಣ್ಣ ತೂತಿನ ರೀಸೆಟ್ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿ ಹಿಡಿಯಿರಿ. ಬ್ರೌಸರ್‌ನಲ್ಲಿ ಸೆಟ್ಟಿಂಗ್ ಪುಟ ತೆರೆದು, ಮೆನುವಿನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಇದೆಯೇ ನೋಡಿ. ಇದ್ದರೆ ಅದನ್ನು ಆರಿಸಿ, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಮೊದಲು ವೈಫೈ ಹೆಸರು, ಪಾಸ್‌ವರ್ಡ್ ಹಾಕಿ. ಆಮೇಲೆ ಅದರ ಸ್ವಂತ ವಿಳಾಸವನ್ನು 192.168.1.2 ಎಂದು ಬದಲಿಸಿ. ಕೆಳಗಿನದು 192.168.1.1 ಆಗಿರುತ್ತದೆ ಎಂದು ಹಿಡಿದು ಹೇಳುತ್ತಿದ್ದೇನೆ. ಮೊದಲ ಮೂರು ಅಂಕಿ ಒಂದೇ ಇರಬೇಕು, ಕೊನೆಯದು ಬೇರೆ ಇರಬೇಕು. ಬದಲಿಸಿದೊಡನೆ ಪುಟ ಮಾಯವಾಗುತ್ತದೆ, ಗಾಬರಿ ಬೇಡ. ಕೇಬಲ್ ಒಮ್ಮೆ ಕಿತ್ತು ಹಾಕಿ, ಹೊಸ ವಿಳಾಸ ಟೈಪಿಸಿದರೆ ಮತ್ತೆ ತೆರೆಯುತ್ತದೆ. ಡಿಎಚ್‌ಸಿಪಿ ನಿಲ್ಲಿಸುವುದನ್ನು ಕೊನೆಗಿಟ್ಟುಕೊಳ್ಳಿ. ಮೊದಲೇ ನಿಲ್ಲಿಸಿದರೆ ನಿಮ್ಮ ಲ್ಯಾಪ್‌ಟಾಪಿಗೇ ವಿಳಾಸ ಸಿಗದೆ ಹೊರಗುಳಿಯಬಹುದು. ಕೆಳಗಿನ ರೂಟರ್ ಹಂಚುವ ವಿಳಾಸಗಳನ್ನು 100ರಿಂದ ಮೇಲಕ್ಕೆ ಇಟ್ಟರೆ 2 ಅನ್ನುವುದು ಬೇರೆ ಯಾರಿಗೂ ಹೋಗುವುದಿಲ್ಲ.

ಈಗ ಮತ್ತೆ ಲ್ಯಾನ್ ಪೋರ್ಟಿನಿಂದ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ. ಬಣ್ಣ ಬೇರೆ ಇರುವ ಆ ಒಂಟಿ ವ್ಯಾನ್ ಪೋರ್ಟಿಗೆ, ಅಂದರೆ ಹೊರಗಿನ ಇಂಟರ್ನೆಟ್ ಬರುವ ಪೋರ್ಟಿಗೆ, ಹಾಕಬೇಡಿ. ನಮ್ಮ ಮನೆಯಲ್ಲಿ ಅಮ್ಮನ ಕೋಣೆಗೆ ಸಿಗ್ನಲ್ ಒಯ್ಯುವಾಗ ನಾನು ಮೊದಲು ಹಾಕಿದ್ದು ಅದಕ್ಕೇ. ಇಂಟರ್ನೆಟ್ ಬಂತು, ಎಲ್ಲ ಮುಗಿಯಿತೆಂದುಕೊಂಡೆ. ಅಮ್ಮನಿಗೆ ಕಣ್ಣು ಮಂದ, ಬಂದ ಪತ್ರಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿಕೊಂಡು ಓದುತ್ತಾರೆ. ಅವರ ಟ್ಯಾಬ್ಲೆಟ್ಟಿಗೆ ಪ್ರಿಂಟರೇ ಕಾಣದಾಯಿತು. ವ್ಯಾನ್ ಪೋರ್ಟಿನ ಮೂಲಕ ಹೋದರೆ ಎರಡನೇ ರೂಟರ್ ತನ್ನ ಹಿಂದೆ ಬೇರೆಯೇ ಒಂದು ನೆಟ್‌ವರ್ಕ್ ಕಟ್ಟುತ್ತದೆ. ಆ ಮನೆಗೂ ಈ ಮನೆಗೂ ನಡುವೆ ಗೋಡೆ ಎದ್ದಂತೆ. ಮೂರು ದಿನ ಪ್ರಿಂಟರನ್ನೇ ಬೈದೆ. ಕೇಬಲ್ಲನ್ನು ಪಕ್ಕದ ಲ್ಯಾನ್ ಪೋರ್ಟಿಗೆ ಬದಲಿಸಿ, ಡಿಎಚ್‌ಸಿಪಿ ನಿಲ್ಲಿಸಿದ ಸಂಜೆ ಅಮ್ಮ ತಾವೇ ಒಂದು ಪುಟ ಮುದ್ರಿಸಿ ತಂದು ತೋರಿಸಿದರು.

ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಭದ್ರತಾ ವಿಧಾನ ಇಡಿ. ಕನಿಷ್ಠ ಡಬ್ಲ್ಯುಪಿಎ2 ಇರಲೇಬೇಕು. ಹಳೆಯ ರೂಟರಿನಲ್ಲಿ ಡಬ್ಲ್ಯುಇಪಿ ಮಾತ್ರ ಇದ್ದರೆ ಅದನ್ನು ಬಳಸಬೇಡಿ, ಅದನ್ನು ಮುರಿಯುವುದು ನಿಮಿಷಗಳ ಕೆಲಸ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11 ಕೊಡಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಮಗಳು ಮೇಲೆ ಹೋದಾಗಲೂ ಫೋನು ಸ್ವಲ್ಪ ಹೊತ್ತು ಕೆಳಗಿನ ಸಿಗ್ನಲ್ಲಿಗೇ ಅಂಟಿಕೊಳ್ಳಬಹುದು. ಯಾವುದನ್ನು ಹಿಡಿಯಬೇಕೆಂದು ನಿರ್ಧರಿಸುವುದು ಫೋನೇ. ತೀರಾ ಹಟ ಮಾಡಿದರೆ ಕೆಳಗಿನ ರೂಟರಿನ ಪ್ರಸಾರ ಶಕ್ತಿಯನ್ನು ಒಂದು ಮಟ್ಟ ತಗ್ಗಿಸಿ ನೋಡಿ.

ಕೇಬಲ್ ಬಗ್ಗೆ ಒಂದು ಮಾತು. ಕ್ಯಾಟ್ 5ಇ ಸಾಕು, 100 ಮೀಟರಿನವರೆಗೆ ಒಂದು ಗಿಗಾಬಿಟ್ ಒಯ್ಯುತ್ತದೆ. ಆದರೆ ಒಳಗಿನ ಎಂಟು ತಂತಿಗಳೂ ಸರಿಯಾಗಿ ಕೂತಿರಬೇಕು. ಒಂದು ಬಿಟ್ಟುಹೋದರೂ ವೇಗ 100 ಮೆಗಾಬಿಟ್ಟಿಗೆ ಇಳಿಯಬಹುದು, ಕೆಲವೊಮ್ಮೆ ಸಂಪರ್ಕವೇ ಸಿಗದೇ ಹೋಗಬಹುದು. ಹಳೆಯ ರೂಟರಿನ ಪೋರ್ಟೇ 100 ಮೆಗಾಬಿಟ್ಟಿನದಾಗಿದ್ದರೆ ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ. ಪಾಠಕ್ಕೆ ಅಷ್ಟು ಧಾರಾಳ ಸಾಕು.

ಪ್ರಶ್ನೆ: ನಮ್ಮದು ಬಾಡಿಗೆ ಮನೆ, ಗೋಡೆ ಕೊರೆದು ಕೇಬಲ್ ಎಳೆಯುವಂತಿಲ್ಲ. ಸಿಗ್ನಲ್ ಹಿಡಿದು ಮುಂದೆ ಹಾಯಿಸುವ ರಿಪೀಟರ್ ಹಾಕಿದ್ದೇನೆ. ಸಿಗ್ನಲ್ ಪೂರ್ತಿ ತೋರಿಸುತ್ತದೆ, ವಿಡಿಯೋ ಮಾತ್ರ ನಿಲ್ಲುತ್ತದೆ.

ಉತ್ತರ: ಸಿಗ್ನಲ್ ಇಲ್ಲದ ಕೋಣೆಯಲ್ಲೇ ರಿಪೀಟರ್ ಇಟ್ಟಿದ್ದೀರಿ ಎಂದು ನನ್ನ ಊಹೆ. ಅಲ್ಲಿ ಅದಕ್ಕೆ ಸಿಗುವುದೇ ಚೂರುಪಾರು, ಹಂಚುವುದೂ ಅದನ್ನೇ. ಫೋನಿನಲ್ಲಿ ಕಾಣುವ ಗೆರೆಗಳು ಫೋನಿಗೂ ರಿಪೀಟರಿಗೂ ನಡುವಿನವು, ಅದರ ಆಚೆಗಿನ ದಾರಿ ಹೇಗಿದೆಯೋ ಅವು ಹೇಳುವುದಿಲ್ಲ. ಅದನ್ನು ಅರ್ಧ ದಾರಿಗೆ ತನ್ನಿ. ಸಿಗ್ನಲನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುವ ಆಪ್ ಹಾಕಿಕೊಂಡು, ಮೂಲ ರೂಟರಿನ ಸಿಗ್ನಲ್ ಮೈನಸ್ 67 ಅಥವಾ ಅದಕ್ಕಿಂತ ಸೊನ್ನೆಗೆ ಹತ್ತಿರ ಇರುವ ಜಾಗ ಹುಡುಕಿ. ಹತ್ತು ಅಂಕಿ ಕೆಳಗಿಳಿದರೆ ಶಕ್ತಿ ಹತ್ತನೇ ಒಂದು ಪಾಲಾಯಿತೆಂದು ಅರ್ಥ. ಮೈನಸ್ 80ರಲ್ಲಿ ವಿಡಿಯೋದ ಆಸೆ ಬಿಡಬೇಕು. ಲೋಹದ ಬೀರು, ಕನ್ನಡಿ, ನೀರಿನ ತೊಟ್ಟಿ ನಡುವೆ ಬರದಂತೆ ನೋಡಿಕೊಳ್ಳಿ.

ಆದರೂ ಒಂದು ಮಿತಿ ಉಳಿಯುತ್ತದೆ. ಒಂದೇ ರೇಡಿಯೋದ ರಿಪೀಟರ್ ಪ್ರತಿ ಮಾತನ್ನೂ ಕೇಳಿ, ಅದೇ ಚಾನೆಲ್ಲಿನಲ್ಲಿ ಮತ್ತೆ ಹೇಳಬೇಕು. ಅಲ್ಲಿಗೆ ವೇಗ ಹೆಚ್ಚುಕಡಿಮೆ ಅರ್ಧ. ಎರಡು ಬ್ಯಾಂಡಿನದಾದರೆ 5 ಗಿಗಾಹರ್ಟ್ಸ್‌ನಲ್ಲಿ ಪಡೆದು 2.4ರಲ್ಲಿ ಕೊಡುವಂತೆ ಮಾಡಿ. ಹೊಸದನ್ನೇ ಕೊಳ್ಳುವುದಾದರೆ ಪೆಟ್ಟಿಗೆಗಳು ತಮ್ಮೊಳಗೆ ಮಾತಾಡಲು ಪ್ರತ್ಯೇಕ ರೇಡಿಯೋ ಇರುವ ಟ್ರೈಬ್ಯಾಂಡ್ ಮೆಶ್ (ಹಲವು ಪೆಟ್ಟಿಗೆ ಸೇರಿ ಒಂದೇ ವೈಫೈ ಆಗುವ ವ್ಯವಸ್ಥೆ) ನೋಡಿ. ಅದಕ್ಕೂ ಮೊದಲು ಗೋಡೆಯ ಬುಡಕ್ಕೆ ಅಂಟಿಸಿ, ಬಾಗಿಲ ಸಂದಿಯಲ್ಲಿ ತೂರಿಸುವ ಚಪ್ಪಟೆ ಕೇಬಲ್ ನಿಮ್ಮ ಮನೆಯಲ್ಲಿ ಸಾಧ್ಯವೇ ಎಂದು ಒಮ್ಮೆ ಅಳತೆ ತೆಗೆಯಿರಿ. ಕೊರೆಯುವುದೇ ಬೇಕಿಲ್ಲ. ನಾನಾದರೆ ಅದನ್ನೇ ಮಾಡುತ್ತಿದ್ದೆ.

ಪ್ರಶ್ನೆ: ವೇಗ ಎರಡರಷ್ಟಾಗಲಿ ಎಂದು ಎರಡು ರೂಟರ್‌ಗಳ ನಡುವೆ ಎರಡು ಕೇಬಲ್ ಹಾಕಿದೆ. ಎಲ್ಲ ದೀಪಗಳೂ ಒಟ್ಟಿಗೆ ಮಿನುಗುತ್ತಿವೆ, ಯಾವುದೂ ನಡೆಯುತ್ತಿಲ್ಲ.

ಉತ್ತರ: ಎಲ್ಲರಿಗೂ ಎಂದು ಕಳಿಸಿದ ಸಂದೇಶ ಒಂದು ಕೇಬಲ್ಲಿನಲ್ಲಿ ಹೋಗಿ ಇನ್ನೊಂದರಲ್ಲಿ ಮರಳಿ, ಮತ್ತೆ ಹೋಗಿ, ಕೊನೆಯಿಲ್ಲದೆ ಸುತ್ತುತ್ತಿದೆ. ಬೇರೆ ಯಾವುದಕ್ಕೂ ಜಾಗವಿಲ್ಲ. ಎರಡರಲ್ಲಿ ಒಂದು ಕೇಬಲ್ಲನ್ನು ಈಗಲೇ ಕಿತ್ತುಬಿಡಿ, ಆಮೇಲೆ ಎರಡೂ ರೂಟರ್‌ಗಳನ್ನು ಒಮ್ಮೆ ಆರಿಸಿ ಹಚ್ಚಿ.