ಚಿಕ್ಕಮಗಳೂರಿನ ಮಳೆಯಲ್ಲಿ ನಿಂತು ಬೈಕ್ ಎಂಜಿನ್‌ನ ಅಲ್ಯೂಮಿನಿಯಂ ಕವರ್ ಮಂಕಾಗಿದೆ, ಮತ್ತೆ ಹೊಳಪು ಬರಿಸೋದು ಹೇಗೆ?

ಚಿಕ್ಕಮಗಳೂರಿನ ಮಳೆಯಲ್ಲಿ ನಿಂತ ಗಾಡಿ ಅಂದ್ರೆ ಮೊದಲು ಲ್ಯಾಕರ್ ನೋಡಿ. ಅನೇಕ ಬೈಕ್‌ಗಳ ಕವರ್‌ಗೆ ಕಾರ್ಖಾನೆಯಲ್ಲೇ ಪಾರದರ್ಶಕ ಲ್ಯಾಕರ್ ಬಳಿದಿರುತ್ತಾರೆ. ಕಲ್ಲೇಟಿಗೆ ಅದು ಒಡೆದರೆ ಸಂದಿಯಲ್ಲಿ ನೀರು ಹೊಕ್ಕು, ಒಳಗೊಳಗೇ ಆಕ್ಸೈಡ್ ಬಿಳಿ ಬೂಷ್ಟಿನ ಎಳೆಯಂತೆ ಹರಡುತ್ತೆ. ಅದರ ಮೇಲೆ ಎಷ್ಟು ಪಾಲಿಶ್ ತಿಕ್ಕಿದರೂ ದಂಡ. ಪೇಂಟ್ ರಿಮೂವರ್ ಹಚ್ಚಿ ಲ್ಯಾಕರ್ ಪೂರ್ತಿ ತೆಗೀರಿ (ಗ್ಲೌಸ್ ಹಾಕ್ಕೊಳ್ಳಿ, ಟ್ಯಾಂಕ್ ಮೇಲೆ ಹನಿ ಬಿದ್ದರೆ ಅಲ್ಲಿಯ ಬಣ್ಣವೂ ಹೋಯ್ತು).

ಆಮೇಲೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟೂ ನುಣುಪು): 400ರಿಂದ ಶುರು, 800, 1200, ಕೊನೆಗೆ 2000. ನೀರು ಹಾಕುತ್ತಲೇ ಇರಿ. ಪ್ರತಿ ನಂಬರಿನಲ್ಲೂ ಹಿಂದಿನ ಗೀರಿಗೆ ಅಡ್ಡವಾಗಿ ಉಜ್ಜಿ. ಹಳೇ ಗೀರು ಮಾಯವಾಗದೆ ಮುಂದಕ್ಕೆ ಹೋಗಬೇಡಿ. ನಿಜವಾದ ಕೆಲಸ ಇದೇ, ಬೋರಾಗುತ್ತೆ. ನಂತರ ಆಟೋಸೋಲ್‌ನಂಥ ಮೆಟಲ್ ಪಾಲಿಶ್. ಬಟ್ಟೆ ಕಪ್ಪಾಗುತ್ತೆ, ಗಾಬರಿ ಬೇಡ.

ಕಾಸ್ಟಿಕ್ ಸೋಡಾ ಇರುವ ಕ್ಲೀನರ್ ಮಾತ್ರ ಬೇಡವೇ ಬೇಡ, ಲೋಹವನ್ನೇ ತಿನ್ನುತ್ತೆ. ಹುಣಸೆಹಣ್ಣು ಕೊಳೆ ತೆಗೆಯುತ್ತೆ, ಕನ್ನಡಿ ಹೊಳಪು ತರಲ್ಲ. ಸಿಲಿಂಡರ್ ಫಿನ್‌ಗಳಿಗೆ (ಎಂಜಿನ್ ತಂಪಾಗಿಸುವ ತೆಳು ಪಟ್ಟಿಗಳಿಗೆ) ಬ್ರಷ್, ಸೋಪಿನ ನೀರು ಸಾಕು.

ವ್ಯಾಕ್ಸ್ ಹಚ್ಚಿದರೂ ನಮ್ಮ ಮಳೆಗಾಲದಲ್ಲಿ ಆಗಾಗ ಉಜ್ಜಲೇಬೇಕು. ಅಷ್ಟು ಪುರಸೊತ್ತಿಲ್ಲ ಅಂದ್ರೆ ಶಾಖ ತಡೆಯುವ ಲ್ಯಾಕರ್ ಮತ್ತೆ ಹೊಡೆಸಿ. ಹೊಳಪು ತುಸು ಕಮ್ಮಿ, ತಲೆನೋವೂ ಕಮ್ಮಿ.