ಐರ್ಲೆಂಡಿನ ಹಳ್ಳಿಗಾಡಿನ ಪ್ಯಾರಿಷ್‌ಗಳಲ್ಲಿ (ಚರ್ಚ್ ಆಧಾರಿತ ಸ್ಥಳೀಯ ವಿಭಾಗಗಳಲ್ಲಿ) ಪ್ರಾಚೀನ ಬೆಟ್ಟದ ಕೋಟೆಗಳನ್ನೂ ಸ್ಥಳನಾಮಗಳನ್ನೂ ದಾಖಲಿಸಿದ್ದು ಹೇಗೆ?

1824ರಲ್ಲಿ ಆರಂಭವಾದ ಸರ್ಕಾರಿ ನಕ್ಷೆ ತಯಾರಿಕೆಯ ಕಾರ್ಯವಾದ ಆರ್ಡ್‌ನೆನ್ಸ್ ಸರ್ವೆಯ ಉದ್ದೇಶ ತೆರಿಗೆಗಾಗಿ ಭೂಮಿಯ ಮೌಲ್ಯ ಕಟ್ಟುವುದಾಗಿತ್ತಾದರೂ, ಮೈಲಿಗೆ ಆರು ಇಂಚಿನ ಅದರ ನಕ್ಷೆಗಳಲ್ಲಿ ಹೊಲಗಳ ನಡುವಿನ ಕೋಟೆದಿಬ್ಬಗಳೂ ಗುರುತಾದವು. ಹೆಸರುಗಳ ಹೊಣೆ 1830ರಲ್ಲಿ ಸೇರಿದ ಐರಿಷ್ ಭಾಷಾ ವಿದ್ವಾಂಸ ಜಾನ್ ಓ'ಡೊನೊವನ್ ಅವರದು. ಐರಿಷ್ ಬಲ್ಲ ಸ್ಥಳೀಯ ಹಿರಿಯರ ಬಾಯಿಂದಲೇ ಉಚ್ಚಾರಣೆಯನ್ನು ಕೇಳಿ, ಅದನ್ನು ಹಳೆಯ ಬರಹಗಳ ರೂಪಗಳೊಂದಿಗೆ ತಾಳೆ ನೋಡಿ, ಅವರು ಪ್ಯಾರಿಷ್‌ವಾರು ನಾಮಪುಸ್ತಕಗಳಲ್ಲಿ ಮೂಲರೂಪವನ್ನು ದಾಖಲಿಸುತ್ತಿದ್ದರು. ಈ ಶ್ರಮ ಸಾರ್ಥಕವೇ ಸರಿ: ‘ಡೂನ್’, ‘ರಾಥ್’, ‘ಲಿಸ್’ ಎಂಬ ಐರಿಷ್ ಪದಗಳು ಮೂರೂ ಕೋಟೆ ಅಥವಾ ಸುತ್ತುಗಟ್ಟಿದ ನೆಲೆಯನ್ನು ಸೂಚಿಸುವುದರಿಂದ, ಲಿಸ್ಮೋರ್ ಎಂಬ ಊರಿನ ಹೆಸರೆಂದರೆ ‘ದೊಡ್ಡ ಸುತ್ತುಕೋಟೆ’ ಎಂದಾಗುತ್ತದೆ, ದಿಬ್ಬವನ್ನು ನೇಗಿಲು ಅಳಿಸಿದರೂ ಹೆಸರು ಉಳಿಯುತ್ತದೆ. ನಕ್ಷೆಗಳ ಜೊತೆಗೆ ಸರ್ವೆ ಸಿದ್ಧಪಡಿಸುತ್ತಿದ್ದ ಪ್ಯಾರಿಷ್ ವಿವರಣೆಗಳ ಪೈಕಿ ಆಗ ಅಚ್ಚಾದದ್ದು 1837ರ ಟೆಂಪಲ್‌ಮೋರ್ ಸಂಪುಟವೊಂದೇ. ಖರ್ಚಿಗೆ ಹೆದರಿದ ಸರ್ಕಾರ ಉಳಿದವನ್ನು ಕೈಬಿಟ್ಟಿತು.