ಪಿ0299 ಕೋಡ್ ಬಂದರೆ ಟರ್ಬೊ ಬದಲಿಸಲೇಬೇಕೇ?

ಪ್ರಶ್ನೆ: ಏರುದಾರಿಯಲ್ಲಿ ಅಥವಾ ಮುಂದಿನ ವಾಹನವನ್ನು ಹಿಂದಿಕ್ಕುವಾಗ ನನ್ನ ಡೀಸೆಲ್ ಕಾರಿನ ಪಿಕಪ್ ಇದ್ದಕ್ಕಿದ್ದಂತೆ ಬಿದ್ದುಹೋಗುತ್ತದೆ, ಎಂಜಿನ್ ಎಚ್ಚರಿಕೆ ದೀಪವೂ ಹತ್ತಿಕೊಳ್ಳುತ್ತದೆ. ಎಂಜಿನ್ ಆರಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿಯಾಗಿರುತ್ತದೆ. ಸ್ಕ್ಯಾನರ್‌ನಲ್ಲಿ ಪಿ0299 ಎಂಬ ಕೋಡ್ ಬಂದಿದೆ. ಟರ್ಬೊ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಅದು ಅನಿವಾರ್ಯವೇ?

ಉತ್ತರ: ಈ ಕೋಡ್ ಒಂದನ್ನೇ ನೋಡಿ ಆ ತೀರ್ಮಾನಕ್ಕೆ ಬರಲು ಸಾಧ್ಯವಿಲ್ಲ. ಟರ್ಬೊ ಎಷ್ಟು ಒತ್ತಡದ ಗಾಳಿಯನ್ನು ಎಂಜಿನ್ನಿಗೆ ತಳ್ಳಬೇಕೆಂದು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಕೇಳಿತ್ತೋ ಅಷ್ಟು ಒತ್ತಡ ಬರಲಿಲ್ಲ ಎಂಬುದಷ್ಟೇ ಪಿ0299ರ ಅರ್ಥ; ಅದಕ್ಕೆ ಯಾವ ಭಾಗ ಕಾರಣವೆಂಬುದನ್ನು ಅದು ಹೇಳುವುದಿಲ್ಲ. ಎಂಜಿನ್ನಿಗೆ ಹಾನಿಯಾಗದಿರಲೆಂದು ಇಸಿಯು ಇಂಧನ ಮತ್ತು ಒತ್ತಡ ಎರಡನ್ನೂ ಮಿತಿಗೊಳಿಸುತ್ತದೆ. ಲಿಂಪ್ ಮೋಡ್ ಎನ್ನುವುದು ಇದನ್ನೇ. ಮರುಸ್ಟಾರ್ಟ್ ಮಾಡಿದಾಗ ಮಿತಿ ತೆರವಾಗಿ, ಹೆಚ್ಚು ಒತ್ತಡ ಬೇಕಾದ ಮುಂದಿನ ಏರಿನಲ್ಲಿ ಮತ್ತೆ ಜಾರಿಗೆ ಬರುತ್ತಿದೆ.

ಮೊದಲನೆಯದಾಗಿ, ಕೋಡ್ ಅಳಿಸಲು ಯಾರಿಗೂ ಬಿಡಬೇಡಿ. ದೋಷ ದಾಖಲಾದ ಕ್ಷಣದ ಎಂಜಿನ್ ವೇಗ, ಲೋಡ್, ತಾಪಮಾನಗಳು ಫ್ರೀಜ್ ಫ್ರೇಮ್ ಎಂಬ ದಾಖಲೆಯಲ್ಲಿ ಉಳಿದಿರುತ್ತವೆ. ಕೋಡ್ ಅಳಿಸಿದರೆ ಅವೂ ಹೋಗುತ್ತವೆ. ಅವುಗಳನ್ನು ಬರೆದಿಟ್ಟುಕೊಂಡ ಮೇಲೆ, ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಸಾಧನ) ತೋರಿಸುವ ಒತ್ತಡವನ್ನು ಸ್ಕ್ಯಾನರ್‌ನಲ್ಲಿ ಓದಿ. ಅದು ಆ ಸ್ಥಳದ ವಾತಾವರಣದ ಒತ್ತಡಕ್ಕೆ, ಅಂದರೆ ಸಮುದ್ರಮಟ್ಟದಲ್ಲಿ ಸುಮಾರು 100 ಕಿಲೋಪಾಸ್ಕಲ್‌ಗೆ ಹಾಗೂ 1000 ಮೀಟರ್ ಎತ್ತರದಲ್ಲಿ ಸುಮಾರು 90ಕ್ಕೆ ಹತ್ತಿರವಿರಬೇಕು. ಬಹಳ ವ್ಯತ್ಯಾಸವಿದ್ದರೆ ಟರ್ಬೊವನ್ನು ದೂಷಿಸುವ ಮೊದಲು ಸೆನ್ಸರ್ ಮತ್ತು ಅದರ ವೈರಿಂಗ್ ನೋಡಬೇಕು.

ಅನಂತರದ ಅನುಮಾನ ಹೋಸ್‌ಗಳ ಮೇಲೆ. ಟರ್ಬೊದಿಂದ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ನಿಂತ ಕಾರಿನಲ್ಲಿ ಗಟ್ಟಿಯಾಗಿಯೇ ಕಂಡರೂ ಒತ್ತಡ ಏರಿದಾಗ ಅದರ ಸೀಳು ಬಾಯಿ ತೆರೆಯುತ್ತದೆ. ಕ್ಲಾಂಪ್ ಬಳಿ ಹೊಸದಾಗಿ ಒಸರಿದ ಎಣ್ಣೆಯ ಕಲೆ, ಆಕ್ಸಿಲರೇಟರ್ ಒತ್ತಿದಾಗ ಕೇಳುವ ಸೀಟಿಯಂಥ ಸದ್ದು, ಹಿಂದೆ ಕಪ್ಪು ಹೊಗೆ ಇವು ಅದರ ಗುರುತುಗಳು. ಸಂದೇಹ ಉಳಿದರೆ ಸ್ಮೋಕ್ ಟೆಸ್ಟ್ (ಹೋಸ್‌ಗಳೊಳಗೆ ಹೊಗೆ ತುಂಬಿ ಸೋರಿಕೆ ಹುಡುಕುವ ಪರೀಕ್ಷೆ) ಮಾಡಿಸಿ. ಏರ್ ಫಿಲ್ಟರ್ ಕಟ್ಟಿಕೊಂಡಿಲ್ಲವೆಂದೂ, ಹೊರಹೋಗುವ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿಲ್ಲವೆಂದೂ ಇದೇ ಹಂತದಲ್ಲಿ ಖಚಿತಪಡಿಸಿಕೊಳ್ಳಬಹುದು.

ನಿಮ್ಮಂತೆ ದೋಷ ಬಂದುಹೋಗುವ ಕಾರುಗಳಲ್ಲಿ ನಾನು ಹೆಚ್ಚು ಗಮನ ಕೊಡುವುದು ಆಕ್ಚುಯೇಟರ್ ಕಡೆಗೆ. ಟರ್ಬೊ ಒಳಗಿನ ಚಲಿಸುವ ವೇನ್‌ಗಳನ್ನು (ಹೊಗೆಯ ಹರಿವನ್ನು ನಿಯಂತ್ರಿಸುವ ಸಣ್ಣ ರೆಕ್ಕೆಗಳನ್ನು) ತಿರುಗಿಸುವುದು ಅದರ ಕೆಲಸ. ಅದು ವ್ಯಾಕ್ಯೂಮ್‌ನಿಂದ ನಡೆಯುವಂಥದ್ದಾದರೆ ಪೈಪ್ ಕಳಚಿ ಗಾಳಿ ಹೀರುವ ಕೈಪಂಪ್ ಜೋಡಿಸಿ ನೋಡಿ: ರಾಡ್ ತಡೆಯಿಲ್ಲದೆ ಸರಿಯಬೇಕು, ಪಂಪಿನ ಮಾಪಕದ ಮುಳ್ಳು ಇಳಿಯದೆ ನಿಲ್ಲಬೇಕು. ಮುಳ್ಳು ಇಳಿದರೆ ಆಕ್ಚುಯೇಟರ್ ಒಳಗಿನ ಡಯಾಫ್ರಮ್ (ರಬ್ಬರ್ ಪೊರೆ) ಹರಿದಿದೆ. ಮುಳ್ಳು ನಿಂತು, ರಾಡ್ ಮಾತ್ರ ತಡೆತಡೆದು ಸರಿದರೆ ವೇನ್‌ಗಳಿಗೆ ಮಸಿ ಹಿಡಿದಿರುವ ಸಂಭವ ಹೆಚ್ಚು. ಅನೇಕ ಬಾರಿ ಟರ್ಬೊ ಬಿಚ್ಚಿ ಶುಚಿಗೊಳಿಸಿದರೆ ಸಾಕಾಗುತ್ತದೆ. ಎರಡೂ ಸರಿಯಿದ್ದರೆ ವ್ಯಾಕ್ಯೂಮ್ ಪೈಪ್‌ಗಳನ್ನೂ ವ್ಯಾಕ್ಯೂಮ್ ನಿಯಂತ್ರಿಸುವ ಸೊಲೆನಾಯ್ಡ್ ವಾಲ್ವನ್ನೂ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ) ಪರೀಕ್ಷಿಸಬೇಕು. ವಿದ್ಯುತ್ ಆಕ್ಚುಯೇಟರ್ ಆಗಿದ್ದರೆ ಈ ಪರೀಕ್ಷೆಯನ್ನು ಸ್ಕ್ಯಾನರ್ ಮೂಲಕವೇ ಮಾಡಬೇಕಾಗುತ್ತದೆ.

ಟರ್ಬೊ ಬದಲಿಸುವ ಮಾತು ಬರುವುದು ಶಾಫ್ಟ್ ಮಿತಿಮೀರಿ ಅಲುಗಾಡುತ್ತಿದ್ದಾಗ, ಬ್ಲೇಡ್‌ಗಳು ಕವಚಕ್ಕೆ ಉಜ್ಜಿದ ಗುರುತಿದ್ದಾಗ ಅಥವಾ ಸೀಲ್ ದಾಟಿ ಎಣ್ಣೆ ಧಾರಾಳವಾಗಿ ಹೊರಬರುತ್ತಿದ್ದಾಗ. ಹೋಸ್ ಒಳಗೆ ತೆಳುವಾಗಿ ಎಣ್ಣೆಯ ಪಸೆ ಇರುವುದು ಸಹಜ. ಅದನ್ನೇ ಸಾಕ್ಷ್ಯವೆಂದು ತೋರಿಸಿದರೆ ಒಪ್ಪಬೇಡಿ. ಬದಲಿಸಲೇಬೇಕಾದರೂ ಹಳೆಯದು ಏಕೆ ಹಾಳಾಯಿತೆಂದು ಕೇಳಿ, ಎಣ್ಣೆ ಪೂರೈಸುವ ಪೈಪ್ ಕಟ್ಟಿಕೊಂಡಿದೆಯೇ ಎಂದು ನೋಡಿಸಿ, ಇಲ್ಲದಿದ್ದರೆ ಹೊಸದೂ ಅದೇ ಹಾದಿ ಹಿಡಿಯುತ್ತದೆ.

ಅಲ್ಲಿಯವರೆಗೆ ನಿಧಾನವಾಗಿ ವರ್ಕ್‌ಶಾಪ್ ತಲುಪುವಷ್ಟು ಮಾತ್ರ ಓಡಿಸಿ, ವಾಹನಗಳನ್ನು ಹಿಂದಿಕ್ಕುವ ಸಾಹಸ ಬೇಡ. ಲೋಹ ಉಜ್ಜುವ ಸದ್ದು ಕೇಳಿದರೆ, ದಟ್ಟ ನೀಲಿ ಹೊಗೆ ಬಂದರೆ ಅಥವಾ ಎಣ್ಣೆಯ ಒತ್ತಡದ ದೀಪ ಹತ್ತಿದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕಾರನ್ನು ಟೋ ಮಾಡಿಸಿ.